ಷರಾ ಕಾಲಂನಲ್ಲಿ ಅತ್ತೆ

“ನೋಡಿ ಅತ್ತಿಗೆ, ನೀವೇ ಓದಿ ನೋಡಿ! ಹನ್ನೆರಡು ವರ್ಷದಿಂದ ನಮ್ಮಮ್ಮನ್ನ ಆಫೀಸಿನ ಪುಸ್ತಕದಲ್ಲಿ ಆಡ್ಕೊಂಡಿದ್ದಾರೆ ಇವರು!”

ಟೀಚರಕ್ಕನ ತಮ್ಮನ ಹೆಂಡತಿ ಜೆರಾಕ್ಸ್ ಹಾಳೆಗಳ ಕಟ್ಟನ್ನು ಊಟದ ಮೇಜಿನ ಮೇಲೆ ದಬ್ಬೆಂದು ಕುಕ್ಕಿದಳು. ಉಪ್ಪಿನ ಡಬ್ಬಿ ಒಮ್ಮೆ ಹಾರಿ ಕೂತಿತು. ಎದುರಿಗಿದ್ದ ತಮ್ಮ ಮಾತ್ರ ಅಲ್ಲಾಡಲಿಲ್ಲ. ಎಂಟು ದಿನದಿಂದ ಅವನದು ಇದೇ ಪಾಡು. ಕೂರಿಸಿದಲ್ಲಿ ಕೂರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ, ಏನು ಕೇಳಿದರೂ ಹೂಂ ಅನ್ನುತ್ತಿದ್ದ.

ಟೀಚರಕ್ಕ ಕನ್ನಡಕ ಏರಿಸಿಕೊಂಡು ಮೊದಲ ಹಾಳೆ ಎತ್ತಿಕೊಂಡರು. ಮೂವತ್ತಾರು ವರ್ಷ ಶಾಲೆಯಲ್ಲಿ ಭಾಷಾಪಾಠ ಹೇಳಿ ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರೂ ಬೀದಿಗೆಲ್ಲ ಅವರು ಇನ್ನೂ ಟೀಚರಕ್ಕನೇ. ಹಾಳೆ ಅವರ ತಮ್ಮ ಕೆಲಸ ಮಾಡುವ ಪಂಪ್‌ಹೌಸಿನ ಲಾಗ್‌ಬುಕ್ಕಿನದು. ತಾರೀಖು, ಪಂಪು ಚಾಲೂ ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ನೀರಿನ ಒತ್ತಡ, ಕೊನೆಗೆ ‘ಷರಾ’ ಎಂಬ ಅಗಲವಾದ ಕಾಲಂ. ಉಳಿದ ಕಾಲಂಗಳಲ್ಲೆಲ್ಲ ಮರ್ಯಾದಸ್ಥ ಅಂಕಿಗಳು. ಷರಾದಲ್ಲಿ ತಮ್ಮನ ಗುಂಡಗಿನ ಅಕ್ಷರ: ‘ಅತ್ತೆಯ ಮೂಗು ಸೋರುತ್ತಿದೆ.’ ಅದರ ಕೆಳಗೆ, ‘ಅತ್ತೆಯ ಹಣೆ ಕೆಂಡದಂತೆ ಸುಡುತ್ತಿದೆ.’ ಅದರ ಕೆಳಗೆ, ‘ಇಂದು ಅತ್ತೆ ನಡೆದ ರಭಸಕ್ಕೆ ಭೂಮಿ ಬಿರಿಯಿತು.’

“ನಮ್ಮಮ್ಮ ನಡೆದರೆ ಭೂಮಿ ಬಿರಿಯುತ್ತಂತೆ! ನಲವತ್ತೈದು ಕೆಜಿ ಇದ್ದಾಳೆ ಪಾಪ!” ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಲೇ, ಅದು ನಿಮ್ಮಮ್ಮ ಅಲ್ಲ ಕಣೇ,” ಎಂದ ತಮ್ಮ. ಎಂಟು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು. “ಎರಡನೇ ಪಂಪು.”

ಆ ಎರಡನೇ ಪಂಪೇ ಎಲ್ಲದರ ಮೂಲ. ಹಿಂದಿನ ವಾರ ಮಂಗಳವಾರ ಬೆಳಿಗ್ಗೆ ಅದು ಕಿರ್ರೆಂದು ಕಚ್ಚಿಕೊಂಡು ನಿಂತಿತ್ತು. ಬೇರಿಂಗ್ ಪುಡಿಯಾಗಿ, ಶಾಫ್ಟ್ ಮುರಿದು, ಹೊರಕವಚವೂ ಸೀಳಿ, ಅರ್ಧ ಊರಿಗೆ ನಾಲ್ಕು ದಿನ ನೀರಿರಲಿಲ್ಲ. ಜನ ಕೊಡ ಹಿಡಿದು ಕಚೇರಿ ಬಾಗಿಲಿಗೆ ಬಂದರು. ಕಚೇರಿಗೆ ಒಂದು ತಲೆ ಬೇಕಿತ್ತು, ತಮ್ಮನದು ಸಿಕ್ಕಿತು. ಅಮಾನತು ಮಾಡಿ ಎರಡು ಆರೋಪ ಹೊರಿಸಿದ್ದರು. ಒಂದು, ಪಂಪು ಕೆಡುತ್ತಿರುವುದನ್ನು ಆಪರೇಟರು ಒಮ್ಮೆಯೂ ವರದಿ ಮಾಡಿಲ್ಲ. ಎರಡು, ಕಚೇರಿಯ ದಾಖಲೆಯಲ್ಲಿ ತನ್ನ ಕೌಟುಂಬಿಕ ವಿಚಾರಗಳನ್ನು ಬರೆದಿದ್ದಾನೆ. ಸೋಮವಾರ ವಿಚಾರಣೆ. ಮೊದಲ ಆರೋಪ ನಿಂತರೆ ಕೆಲಸ ಹೋದ ಹಾಗೇ. ಐವತ್ತೊಂದರ ವಯಸ್ಸಿನಲ್ಲಿ, ಪಂಪು ಬಿಟ್ಟರೆ ಬೇರೇನೂ ಗೊತ್ತಿಲ್ಲದವನಿಗೆ ಯಾರು ಕೆಲಸ ಕೊಡುತ್ತಾರೆ?

“ಪಂಪಿಗೆ ಅತ್ತೆ ಅಂತ ಹೆಸರಿಟ್ಟಿದ್ಯಾ?” ಎಂದರು ಟೀಚರಕ್ಕ.

“ಮೂರರಲ್ಲಿ ಅದೇ ಹಳೇದಕ್ಕ. ಅದರ ಮಾತೇ ನಡೀಬೇಕು. ಒಂದನೇದು ದೊಡ್ಡ ಸೊಸೆ, ಮೂರನೇದು ಚಿಕ್ಕ ಸೊಸೆ.”

“ಬೇರಿಂಗ್ ಹೋಗ್ತಿದೆ ಅಂತ ಎರಡು ಪದ ಬರೆಯೋಕೆ ನಿಂಗೇನೋ ಧಾಡಿ?”

“ಬೇರಿಂಗ್ ಅಂತ ನಾನು ಬರೆಯೋ ಹಾಗಿಲ್ಲಕ್ಕ. ಏನು ಕೆಟ್ಟಿದೆ ಅಂತ ಹೇಳೋದು ಇಂಜಿನಿಯರ್ ಕೆಲಸ. ಕಂಡದ್ದು, ಕೇಳಿದ್ದು ಬರೆಯೋದಷ್ಟೇ ನಂದು. ಹಳೇ ಸಾಹೇಬ್ರೇ ಹೇಳಿದ್ರು, ನಿಂಗೆ ಹೇಗೆ ಕೇಳ್ಸುತ್ತೋ ಹಾಗೇ ಬರಿ ಅಂತ. ಬರೆದೆ. ಅವರಿಗೆ ಅರ್ಥ ಆಗ್ತಿತ್ತು.”

ಹಳೇ ಸಾಹೇಬರು ಹನ್ನೊಂದು ವರ್ಷ ಆ ಪಂಪ್‌ಹೌಸಿನ ಇಂಜಿನಿಯರಾಗಿದ್ದವರು. ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ಸಾಕ್ಷಿ ಹೇಳಲು ಅವರನ್ನು ಎಲ್ಲಿಂದ ಕರೆತರುವುದು?

“ಹೊಸಬರಿಗೆ ಬಾಯಲ್ಲಾದ್ರೂ ಹೇಳ್ಬಾರ್ದಿತ್ತಾ?”

“ಹೇಳಿದೆ. ಮಂಗಳವಾರ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ, ‘ಸಾರ್, ಅತ್ತೆ ಗಂಟಲು ಹರಿಯೋ ಹಾಗೆ ಹಾಡ್ತಿದ್ದಾಳೆ, ಬೇಗ ಬನ್ನಿ’ ಅಂದೆ.”

“ಅದಕ್ಕೆ?”

“‘ಮನೆ ವಿಷಯ ಮನೇಲಿಟ್ಕೊಳ್ರೀ’ ಅಂತ ಫೋನ್ ಇಟ್ರು.”

ಟೀಚರಕ್ಕನಿಗೆ ಹಣೆ ಚಚ್ಚಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ. ಹಾಳೆಗಳ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ನಡೆದರು. ಆರೋಪಿಯ ಸಹಾಯಕ್ಕೆ ಒಬ್ಬರು ಬರಬಹುದೆಂದು ವಿಚಾರಣೆಯ ನೋಟೀಸಿನಲ್ಲಿತ್ತು. ಬೇರೆ ಯಾರು ಬರುತ್ತಾರೆ ಇವನ ಸಹಾಯಕ್ಕೆ?

ಶನಿವಾರ ಬೆಳಿಗ್ಗೆ ಅವರು ಓದಲು ಕೂತದ್ದು ಹಳೆಯ ಅಭ್ಯಾಸದಂತೆ ಸ್ಕೇಲು, ಪೆನ್ಸಿಲು, ಕೆಂಪು ಪೆನ್ನು ಪಕ್ಕಕ್ಕಿಟ್ಟುಕೊಂಡು. ಮೊದಲು ಸಿಟ್ಟೇ ಬಂತು. ಒಂದಾದರೂ ನೇರ ವಾಕ್ಯ ಬೇಡವೇ? ‘ಅತ್ತೆಯ ಹಣೆ ಕೆಂಡದಂತೆ ಸುಡುತ್ತಿದೆ.’ ಅವರಿಗೇ ಗೊತ್ತಿಲ್ಲದಂತೆ ಪೆನ್ಸಿಲು ‘ಅಂತೆ’ಯ ಕೆಳಗೆ ಗೆರೆ ಎಳೆಯಿತು. ಉಪಮಾವಾಚಕ. ಹಣೆ ಉಪಮೇಯ, ಕೆಂಡ ಉಪಮಾನ, ಸುಡುವುದು ಸಮಾನಧರ್ಮ. ನಾಲ್ಕೂ ಇವೆ, ಪೂರ್ಣೋಪಮೆ. ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದು ಬರೆದು ಕೈಗಂಟಿದ್ದ ಲೆಕ್ಕ ಅದು. ಆದರೆ ಸುಡುತ್ತಿರುವುದು ಯಾರ ಹಣೆ? ಪಂಪಿನ ಮೋಟಾರು. ಮೋಟಾರನ್ನು ಹಣೆ ಎಂದಿದ್ದಾನೆ, ಪಂಪನ್ನೇ ಅತ್ತೆ ಎಂದಿದ್ದಾನೆ. ‘ಅಂತೆ’ಯೂ ಇಲ್ಲ, ‘ಹಾಗೆ’ಯೂ ಇಲ್ಲ. ಎರಡಕ್ಕೂ ಭೇದವೇ ಇಲ್ಲ ಎಂಬಂತೆ ಹೇಳಿದರೆ ರೂಪಕ. ಭೂಮಿ ಬಿರಿದದ್ದು ಅತಿಶಯೋಕ್ತಿ. ಪಠ್ಯದಲ್ಲಿ ಎಂದೂ ಇಲ್ಲದ ಉದಾಹರಣೆಗಳು, ಹೊಲಸು ಗ್ರೀಸಿನ ಬೆರಳಚ್ಚಿನ ಸಮೇತ.

ಆಮೇಲೆ ಅವರ ಕಣ್ಣು ಇನ್ನೊಂದರ ಮೇಲೆ ಬಿತ್ತು. ತಮ್ಮನ ಪ್ರತಿ ಸಾಲಿನ ಕೆಳಗೂ ಬೇರೊಂದು ಕೈಬರಹದ ಚಿಕ್ಕ ಸಾಲಿತ್ತು. ಜೆರಾಕ್ಸಿನಲ್ಲಿ ಮಸುಕಾಗಿ ಬಂದಿತ್ತು, ಹಾಗಾಗಿ ಮೂಲದಲ್ಲಿ ಅದು ಕೆಂಪು ಶಾಯಿಯೇ ಇರಬೇಕು. ‘ಮೂಗು ಸೋರುತ್ತಿದೆ’ಯ ಕೆಳಗೆ: ‘ಗ್ಲ್ಯಾಂಡ್ ಬಿಗಿ ಮಾಡಿಸಿದೆ. ನೆಗಡಿ ವಾಸಿ.’ ‘ಭೂಮಿ ಬಿರಿಯಿತು’ ಎಂಬುದರ ಕೆಳಗೆ: ‘ತಳದ ಬೋಲ್ಟ್ ಸಡಿಲವಿತ್ತು. ಭೂಮಿ ಈಗ ಕ್ಷೇಮ.’ ‘ಅತ್ತೆ ಗುನುಗುತ್ತಿದ್ದಾಳೆ’ ಅಂದರೆ ಗ್ರೀಸು ಹಾಕಿಸಿದ್ದರು. ‘ಹಾಡುತ್ತಿದ್ದಾಳೆ’ ಅಂದರೆ ಬೇರಿಂಗನ್ನೇ ಬದಲಿಸಿದ್ದರು. ಹಳೇ ಸಾಹೇಬರು!

ಟೀಚರಕ್ಕ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಹಾಗಾದರೆ ಇವನು ವರದಿ ಮಾಡಿದ್ದಾನೆ! ಕೆಟ್ಟಾಗಲೆಲ್ಲ ಮಾಡಿದ್ದಾನೆ! ಸ್ಕೇಲು ಹಿಡಿದು ಹೊಸ ಹಾಳೆಗೆ ಗೆರೆ ಎಳೆದರು. ತಾರೀಖು, ತಮ್ಮನ ವಾಕ್ಯ, ಅಲಂಕಾರ, ಸಾಹೇಬರ ದುರಸ್ತಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹದಿನಾಲ್ಕು ಸಾಲುಗಳಾದವು. ಸಾಹೇಬರ ಕಾಲದಲ್ಲಿ ‘ಹಾಡಿದಳು’ ಹನ್ನೊಂದು ಸಲ ಬಂದಿತ್ತು, ಹನ್ನೊಂದು ಸಲವೂ ಬೇರಿಂಗ್. ಒಂದೇ ಒಂದು ಸಲವೂ ತಪ್ಪಿರಲಿಲ್ಲ.

ಎಂಟು ತಿಂಗಳ ಹಿಂದಿನ ಒಂದು ಪುಟದಿಂದ ಆಚೆಗೆ ಕೆಂಪು ಸಾಲು ನಿಂತುಹೋಗಿತ್ತು. ತಮ್ಮನ ಸಾಲುಗಳು ಮಾತ್ರ ಮುಂದುವರಿದಿದ್ದವು, ಬರಬರುತ್ತಾ ಉದ್ದವಾಗಿದ್ದವು. ‘ಅತ್ತೆ ಹಾಡಿದಳು.’ ‘ಅತ್ತೆ ಇಂದೂ ಹಾಡಿದಳು.’ ‘ಕೇಳುವವರಿಲ್ಲ ಎಂದು ಅತ್ತೆಗೆ ಗೊತ್ತಿಲ್ಲ, ಹಾಡುತ್ತಲೇ ಇದ್ದಾಳೆ.’ ಪಂಪು ಒಡೆದ ಹಿಂದಿನ ದಿನದ ಷರಾ ಹೀಗಿತ್ತು: ‘ಅತ್ತೆಯ ಕಂಠಕ್ಕೆ ಎಣೆಯಿಲ್ಲ. ಇಂಥ ಕಚೇರಿಯನ್ನು ಒಬ್ಬನೇ ಕೂತು ಕೇಳುವ ಭಾಗ್ಯ ನನ್ನದು. ಇನ್ನೇನು ಮಂಗಳ ಹಾಡುವ ಹೊತ್ತು.’

ಓದಿ ಅವರಿಗೆ ಕಣ್ಣು ತುಂಬಿ ಬಂತು. ಕೆಂಪು ಶಾಯಿಯ ವಿಷಯ ಅವರಿಗೆ ಬೇರೆಯೇ ಒಂದನ್ನು ನೆನಪಿಗೆ ತಂದಿತ್ತು. ಟೀಚರಕ್ಕ ಶಾಲೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ತಮ್ಮನೂ ಅವರದೇ ತರಗತಿಯಲ್ಲಿದ್ದ. ಉಪಮಾಲಂಕಾರಕ್ಕೆ ಒಂದು ಉದಾಹರಣೆ ಬರೆಯಿರಿ, ಎರಡು ಅಂಕ. ಎಲ್ಲರೂ ಪಠ್ಯದಲ್ಲಿದ್ದುದನ್ನೇ ಬರೆದಿದ್ದರು. ಇವನು ಬರೆದಿದ್ದ: ‘ನಮ್ಮ ಅಕ್ಕನ ಸಿಟ್ಟು ಹಾಲಿನಂತೆ. ನೋಡುತ್ತಾ ನಿಂತರೆ ಉಕ್ಕುವುದಿಲ್ಲ, ಆಚೆ ತಿರುಗಿದರೆ ಉಕ್ಕುತ್ತದೆ.’ ಇಪ್ಪತ್ತೆರಡರ ಟೀಚರಿಗೆ ಅವಮಾನವಾಗಿತ್ತು. ಅದನ್ನು ತರಗತಿಗೆಲ್ಲ ಓದಿ ಹೇಳಿ, ಎಲ್ಲರೂ ನಗುತ್ತಿರುವಾಗ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ‘ಪಠ್ಯದಲ್ಲಿಲ್ಲ’ ಎಂದು ಬರೆದಿದ್ದರು. ಮುಂದಿನ ವರ್ಷವೇ ಅವನು ಶಾಲೆ ಬಿಟ್ಟ. ಸೊನ್ನೆಯಿಂದಲೇ ಬಿಟ್ಟನೆಂದು ಯಾರೂ ಹೇಳಿರಲಿಲ್ಲ. ಅಲ್ಲವೆಂದೂ ಯಾರೂ ಹೇಳಿರಲಿಲ್ಲ.

ಸೋಮವಾರ ವಿಚಾರಣೆ ನಡೆದದ್ದು ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲೇ. ಕೇಂದ್ರ ಕಚೇರಿಯಿಂದ ಬಂದಿದ್ದ ಮೇಡಂ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ, ತೆಗೆದು ಹಾಕುತ್ತ ಕೂತಿದ್ದರು. ಅವರ ಬಲಕ್ಕೆ ಹೊಸ ಇಂಜಿನಿಯರು, ಇನ್ನೂ ಮೂವತ್ತು ದಾಟಿರದ ಹುಡುಗ, ಇಸ್ತ್ರಿ ಮುರಿಯದ ಅಂಗಿ. ನಾಲ್ಕು ದಿನ ಜನರಿಂದ ಬೈಸಿಕೊಂಡು ಅವನ ಮುಖವೂ ಬಾಡಿತ್ತು. ಟೀಚರಕ್ಕ ನಿಂತುಕೊಂಡೇ ಪಾಠ ಶುರು ಮಾಡಿದರು. ಕೂತು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

“ನೋಡಿ ಮೇಡಂ, ಇದು ರೂಪಕ. ಅತ್ತೆ ಅಂದ್ರೆ ಪಂಪು. ಇದು ಅತಿಶಯೋಕ್ತಿ. ಭೂಮಿ ಬಿರಿದಿಲ್ಲ, ಬೋಲ್ಟ್ ಸಡಿಲ ಆಗಿದೆ ಅಷ್ಟೇ. ಪ್ರತಿಯೊಂದರ ಕೆಳಗೂ ಹಿಂದಿನ ಇಂಜಿನಿಯರು ಏನು ರಿಪೇರಿ ಮಾಡಿಸಿದ್ರು ಅಂತ ಅವರ ಕೈಯಲ್ಲೇ ಬರೆದಿದ್ದಾರೆ.”

“ಟೀಚರ್, ಇದು ಕವಿಗೋಷ್ಠಿ ಅಲ್ಲ,” ಎಂದ ಇಂಜಿನಿಯರು.

“ತಡೀರಿ,” ಎಂದು ಮೇಡಂ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಚ್ಚಳದ ಆಟ ನಿಂತಿತು. ಎರಡು ಪುಟ ತಿರುವಿದ ಮೇಲೆ, ‘ನೆಗಡಿ ವಾಸಿ’ ಎಂಬಲ್ಲಿ ಅವರ ತುಟಿ ಒಂದಿಷ್ಟು ಸಡಿಲವಾಯಿತು.

“ಆಯ್ತು, ಅದೆಲ್ಲ ಹಾಗೇ ಇರಲಿ,” ಇಂಜಿನಿಯರು ಬಿಡಲಿಲ್ಲ. “ಕೊನೇ ದಿನ ಏನು ಬರೆದಿದ್ದಾರೆ ನೋಡಿ. ‘ಕಂಠಕ್ಕೆ ಎಣೆಯಿಲ್ಲ, ಕೇಳೋದು ನನ್ನ ಭಾಗ್ಯ.’ ಹೊಗಳಿದ್ದಾರೆ ತಾನೆ? ಪಂಪು ಬಹಳ ಚೆನ್ನಾಗಿದೆ ಅಂತ ಇವರೇ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು!”

“ಅದು ಹೊಗಳಿಕೆ ಅಲ್ಲ. ವ್ಯಾಜಸ್ತುತಿ. ಹೊಗಳೋ ಹಾಗೆ ಹೊಗಳಿ ಬೈಯೋದು. ಎಂಟು ತಿಂಗಳು ಯಾರೂ ಕಿವಿ ಕೊಡದೇ ಇದ್ದಿದ್ದಕ್ಕೆ ಬೈದಿದ್ದಾನೆ.”

“ಅದು ನಿಮ್ಮ ವ್ಯಾಖ್ಯಾನ. ನೀವು ಅವರ ಅಕ್ಕ. ನಾಳೆ ಯಾರು ಏನು ಬೇಕಾದ್ರೂ ಗೀಚಿ, ‘ಅಯ್ಯೋ, ಅದು ಅಲಂಕಾರ’ ಅಂದ್ರೆ ನಾವು ಒಪ್ಪಬೇಕಾ? ಇವರಿಬ್ಬರು ಮನೇಲಿ ಕೂತು ಮಾತಾಡ್ಕೊಂಡು ಬಂದಿರಬಹುದಲ್ಲ?”

ಟೀಚರಕ್ಕನಿಗೆ ಮೈ ಉರಿಯಿತು. ಆದರೆ ಹುಡುಗ ಹೇಳುವುದರಲ್ಲೂ ಹುರುಳಿತ್ತು. ಪಠ್ಯದ ಉದಾಹರಣೆಯಾದರೆ ಕೆಳಗೆ ಉತ್ತರವೂ ಅಚ್ಚಾಗಿರುತ್ತದೆ. ಕೊನೆಯ ಎಂಟು ತಿಂಗಳ ಸಾಲುಗಳ ಕೆಳಗೆ ಏನೂ ಇರಲಿಲ್ಲ. ಅವರು ತಮ್ಮನ ಕಡೆ ನೋಡಿದರು. ಅವನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಗೋಡೆಯಾಚೆ ಉಳಿದ ಎರಡು ಪಂಪುಗಳು ಗುಂಯ್ಯೆನ್ನುತ್ತಿದ್ದವು.

“ಏನು ಕೇಳಿಸ್ಕೊಳ್ತಿದ್ದೀರಿ?” ಎಂದರು ಮೇಡಂ.

“ಏನಿಲ್ಲ ಮೇಡಂ. ಚಿಕ್ಕ ಸೊಸೆ...” ಎಂದವನು ನಾಲಿಗೆ ಕಚ್ಚಿಕೊಂಡ.

“ಹೇಳಬೇಡಿ, ಬರೀರಿ,” ಎಂದು ಮೇಡಂ ಒಂದು ಖಾಲಿ ಹಾಳೆಯನ್ನು ಅವನ ಮುಂದೆ ಸರಿಸಿದರು. “ಇವತ್ತು ಡ್ಯೂಟಿ ಮೇಲಿದ್ದಿದ್ರೆ ಷರಾದಲ್ಲಿ ಏನು ಬರೀತಿದ್ರೋ ಅದನ್ನ.”

ಅವನು ಬರೆದು ಹಾಳೆಯನ್ನು ಮಡಚಿ ಕೊಟ್ಟ. ಮೇಡಂ ಅದನ್ನು ಬಿಡಿಸಿ ಓದಿದರು. ಟೀಚರಕ್ಕ ಕೈ ಚಾಚಿದರು, ಮೇಡಂ ಕೊಡಲಿಲ್ಲ. ಹಾಳೆಯನ್ನೂ ಟೀಚರಕ್ಕನ ಪಟ್ಟಿಯನ್ನೂ ಇಂಜಿನಿಯರ ಮುಂದಿಟ್ಟರು.

“ಇವರು ಅಕ್ಕ, ಮೊದಲೇ ಮಾತಾಡ್ಕೊಂಡಿರ್ತಾರೆ ಅಂದ್ರಲ್ಲ. ಸರಿ, ನೀವೇ ಅರ್ಥ ಹೇಳಿ.”

‘ಚಿಕ್ಕ ಸೊಸೆ ಹಲ್ಲು ಕಡಿಯುತ್ತಿದ್ದಾಳೆ’ ಎಂದಿತ್ತು. ಇಂಜಿನಿಯರು ಅದನ್ನು ಎರಡು ಸಲ ಓದಿದ. ಆಮೇಲೆ ಬೆರಳನ್ನು ಪಟ್ಟಿಯ ಮೇಲಿಂದ ಕೆಳಕ್ಕೆ ಓಡಿಸತೊಡಗಿದ. ಟೀಚರಕ್ಕ ತಮ್ಮ ಜೀವಮಾನದಲ್ಲಿ ಸಾವಿರಾರು ಮಕ್ಕಳು ಹೀಗೆ ಉತ್ತರ ಹುಡುಕುವುದನ್ನು ನೋಡಿದ್ದರು. ಒಬ್ಬನಿಗಾದರೂ ಸಿಗಲಿ ಎಂದು ಇಷ್ಟು ಆಸೆಪಟ್ಟದ್ದು ಇದೇ ಮೊದಲು. ಬೆರಳು ನಿಂತಿತು. ಇನ್ನಷ್ಟು ಕೆಳಗೆ ಹೋಗಿ ಮತ್ತೆ ನಿಂತಿತು.

“ಮೂರನೇ ಪಂಪು,” ಎಂದ ಅವನು ನಿಧಾನವಾಗಿ. “ಹಲ್ಲು ಕಡಿಯೋದು ನಾಲ್ಕು ಕಡೆ ಇದೆ. ನಾಲ್ಕೂ ಸಲ ಕಪ್ಲಿಂಗಿನ ರಬ್ಬರು ಬದಲಿಸಿದ್ದಾರೆ. ಅಂದ್ರೆ... ಕಪ್ಲಿಂಗಿನ ರಬ್ಬರು ಸವೆದಿದೆ ಅಂತ.”

“ಬಿಚ್ಚಿಸಿ ನೋಡೋಣ,” ಎಂದು ಮೇಡಂ ಎದ್ದರು.

ಪಂಪ್‌ಹೌಸಿನಲ್ಲಿ ಎರಡನೇ ಪಂಪಿನ ಜಾಗ ಬರಿದಾಗಿತ್ತು. ನಾಲ್ಕು ಬೋಲ್ಟುಗಳು ಮಾತ್ರ ನೆಲದಿಂದ ಎದ್ದು ನಿಂತಿದ್ದವು. ಫಿಟ್ಟರು ಮೂರನೇ ಪಂಪನ್ನು ನಿಲ್ಲಿಸಿ, ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗಿನ ಮೇಲಿದ್ದ ತಗಡನ್ನು ಬಿಚ್ಚತೊಡಗಿದ. ಒಂದು ಬೋಲ್ಟು ತುಕ್ಕು ಹಿಡಿದು ಹಟ ಮಾಡಿತು. ಟೀಚರಕ್ಕ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದರು. ಒಂದು ವೇಳೆ ಏನೂ ಆಗಿರದಿದ್ದರೆ? ಇಷ್ಟು ದಿನ ಮಂಕಾಗಿ ಕೂತವನ ಕಿವಿ ಇವತ್ತು ತಪ್ಪಿದ್ದರೆ? ತಮ್ಮನನ್ನು ಕೇಳೋಣವೆಂದರೆ ಅವನು ಆರಾಮಾಗಿ ಗೋಡೆಗೊರಗಿ ನಿಂತಿದ್ದ.

ತಗಡು ಬಿಚ್ಚಿ ಬಂತು. ಅದರೊಳಗಿಂದ ಕಪ್ಪು ಪುಡಿ ಒಂದು ಹಿಡಿಯಷ್ಟು ನೆಲಕ್ಕೆ ಸುರಿಯಿತು. ಫಿಟ್ಟರು ಕೈ ಹಾಕಿ ರಬ್ಬರಿನ ಒಂದು ತುಂಡನ್ನು ಹೊರಗೆಳೆದ. ಅರ್ಧ ಸವೆದು, ಕಚ್ಚಿದ ಬಿಸ್ಕತ್ತಿನಂತೆ ಆಗಿತ್ತು.

“ಇನ್ನೊಂದು ವಾರ ಬಿಟ್ಟಿದ್ರೆ ಇದೂ ಕೈ ಕೊಡ್ತಿತ್ತು ಸಾರ್,” ಎಂದ ಫಿಟ್ಟರು.

ಟೀಚರಕ್ಕ ಅಲ್ಲೇ ಇದ್ದ ಗ್ರೀಸ್ ಡ್ರಮ್ಮಿನ ಮೇಲೆ ಕೂತುಬಿಟ್ಟರು. ಸೀರೆಗೆ ಮಸಿಯಾದೀತೆಂಬ ಎಚ್ಚರವೂ ಉಳಿಯಲಿಲ್ಲ. ಇಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದುದು ಒಂದೇ ಸಲಕ್ಕೆ ಇಳಿದುಹೋಗಿ ಅವರಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಇಂಜಿನಿಯರು ಆ ರಬ್ಬರಿನ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಮೇಡಂ, ಆವತ್ತು ಬೆಳಿಗ್ಗೆ ಇವರು ನಂಗೆ ಫೋನ್ ಮಾಡಿದ್ರು,” ಎಂದ ಕೊನೆಗೆ. “ಅತ್ತೆ ಹಾಡ್ತಿದ್ದಾಳೆ ಅಂದ್ರು. ನಾನು ಕುಡಿದಿದ್ದಾರೆ ಅಂದ್ಕೊಂಡೆ. ಇದನ್ನ ನನ್ನ ವರದೀಲಿ ಬರೀಲಿಲ್ಲ.”

ಅವನ ಬಾಯಿಂದ ಅದು ಬಂದ ಮೇಲೆ ಉಳಿದದ್ದೆಲ್ಲ ಕಾಗದದ ಕೆಲಸ. ಎರಡೂ ಆರೋಪ ಬಿದ್ದವು. ಇನ್ನು ಮುಂದೆ ಷರಾದಲ್ಲಿ ಯಾವ ಪಂಪು, ಯಾವ ಭಾಗದಿಂದ ಶಬ್ದ ಎಂದು ಮೊದಲು ನೇರವಾಗಿ ಬರೆಯತಕ್ಕದ್ದು, ಇಂಜಿನಿಯರು ಪ್ರತಿದಿನ ಓದಿ ಸಹಿ ಹಾಕತಕ್ಕದ್ದು ಎಂದು ಮೇಡಂ ಆದೇಶ ಬರೆದರು. “ಅದರ ಕೆಳಗೆ ಏನು ಬೇಕಾದ್ರೂ ಬರ್ಕೊಳ್ಳಿ,” ಎಂದು ಬಾಯಲ್ಲಿ ಸೇರಿಸಿದರು.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಟೀಚರಕ್ಕ ತಮ್ಮನ ಮನೆಗೆ ಹೋದರು. ಅವನು ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಹೆಂಡತಿ ಒಲೆಯ ಮೇಲೆ ಹಾಲಿಟ್ಟಿದ್ದಳು. ಹೊರಕೋಣೆಯಲ್ಲಿ ಫೋನು ಹೊಡೆದುಕೊಂಡಿತು.

“ನಮ್ಮಮ್ಮನೇ ಇರಬೇಕು. ದಿನಾ ಫೋನು, ‘ನನ್ನ ಪಂಪು ಬಂತಾ, ಹೊಸದಾದ್ರೂ ನೆಟ್ಟಗೆ ಹಾಡುತ್ತಾ’ ಅಂತ. ಪಂಪಿಗೆ ತನ್ನ ಹೆಸರು ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದಾಳಂತೆ. ಅತ್ತಿಗೆ, ಹಾಲು ಸ್ವಲ್ಪ ನೋಡ್ಕೊಳ್ಳಿ!” ಎಂದು ಅವಳು ಓಡಿದಳು.

ಟೀಚರಕ್ಕ ಒಲೆಯ ಮುಂದೆ ನಿಂತರು. “ಹೊಸ ಅತ್ತೆ ಹೇಗಿದ್ದಾಳೋ?”

“ನಿನ್ನೆ ಕೂರಿಸಿದ್ರು. ಇನ್ನೂ ನಾಚಿಕೆ, ಬಾಯೇ ಬಿಡಲ್ಲ. ಹಾಗೇ ಬರೆದೆ. ಆ ಹುಡುಗ ಇವತ್ತು ಕೆಂಪು ಪೆನ್ನಲ್ಲಿ ಬರೆದಿದ್ದಾನೆ, ‘ನಾಲ್ಕು ದಿನ ಹೋಗಲಿ, ಮಾತು ತಾನಾಗೇ ಬರುತ್ತೆ’ ಅಂತ.”

“ಪರವಾಗಿಲ್ವೇ!”

“ಕಲೀತಾನೆ ಅಕ್ಕ. ಬುದ್ಧಿ ಇದೆ.”

ಟೀಚರಕ್ಕ ಸ್ವಲ್ಪ ಹೊತ್ತು ಹಾಲನ್ನೇ ನೋಡಿದರು. ಹಾಲು ನಿಶ್ಚಿಂತೆಯಾಗಿ ಕೆನೆ ಕಟ್ಟುತ್ತಿತ್ತು. ಹದಿನೈದು ದಿನದಿಂದ ಗಂಟಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಮಾತನ್ನು ಇವತ್ತು ಹೇಳದೇ ಹೋದರೆ ಇನ್ನೆಂದೂ ಹೇಳಲಾರೆ ಎನಿಸಿ ಅವರು ತಮ್ಮನ ಕಡೆ ತಿರುಗಿದರು.

“ಲೋ, ಆವತ್ತು ಕ್ಲಾಸಲ್ಲಿ ನಿಂಗೆ ಸೊನ್ನೆ ಹಾಕಿದ್ನಲ್ಲ. ಅದು ತಪ್ಪು ಕಣೋ. ಎಲ್ಲರ ಮುಂದೆ ಓದಿದ್ದು ಇನ್ನೂ ದೊಡ್ಡ ತಪ್ಪು. ನೀನು ಬರೆದದ್ದು ಸರಿಯಾಗೇ ಇತ್ತು.”

ತಮ್ಮ ಕಾಲು ನೀವುವುದನ್ನು ನಿಲ್ಲಿಸಿದ. ಮೂವತ್ತೆಂಟು ವರ್ಷದ ಹಿಂದಿನ ಯಾವ ಕ್ಲಾಸು, ಯಾವ ಸೊನ್ನೆ ಎಂದು ಅವನು ಕೇಳಲಿಲ್ಲ.

“ಎರಡು ಅಂಕದ ಪ್ರಶ್ನೆ ಅದು,” ಎಂದ.

“ಎರಡಕ್ಕೆ ಎರಡೂ ನಿಂದೇ ಕಣೋ.”

ಅವನು ಅಕ್ಕನ ಮುಖವನ್ನು ನೋಡಿದ, ಅವರ ಹಿಂದೆ ಒಲೆಯ ಮೇಲಿದ್ದ ಹಾಲನ್ನು ನೋಡಿದ. ಆಮೇಲೆ ಅವನಿಗೆ ತಡೆಯಲಾರದಷ್ಟು ನಗು ಬಂತು. ಯಾಕೋ ನಗ್ತೀಯಾ ಎಂದು ಟೀಚರಕ್ಕ ಕೇಳುವಷ್ಟರಲ್ಲಿ ಬೆನ್ನ ಹಿಂದೆ ಚೊಂಯ್ಯೆಂದು ಸದ್ದಾಯಿತು.

“ನೋಡ್ಕೊಳ್ಳಿ ಅಂದಿದ್ನಲ್ಲ ಅತ್ತಿಗೆ!” ಎಂದು ಹೊರಕೋಣೆಯಿಂದ ಕೂಗು ಬಂತು.

ಟೀಚರಕ್ಕ ಗಡಬಡಿಸಿ ಒಲೆ ಆರಿಸಿದರು. ಹಾಲು ಪಾತ್ರೆಯ ಸುತ್ತ ಇಳಿದು, ಕಲ್ಲಿನ ಕಟ್ಟೆಯ ಮೇಲೆ ಹರಿದು, ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ತಮ್ಮ ನಗುತ್ತಲೇ ಎದ್ದು ಬಂದು ಅವರ ಕೈಗೆ ಒರೆಸುವ ಬಟ್ಟೆ ಕೊಟ್ಟು, ತಾನೂ ಒಂದನ್ನು ತೆಗೆದುಕೊಂಡು ಪಕ್ಕದಲ್ಲಿ ನಿಂತ.